ರಾಣಿಯ ಕುಪ್ಪಸದ ಗಂಟು

ಮುನ್ನೂರು ವರ್ಷದ ಹಿಂದಿನ ರಾಣಿ ಕುಪ್ಪಸ ಬಿಚ್ಚುವಾಗ ಎಂಥ ಸಪ್ಪಳ ಬರುತ್ತಿತ್ತು, ಹೇಳಿ ನೋಡೋಣ? ನನಗೆ ಗೊತ್ತು. ಫೋನಿನಲ್ಲಿ ಟೈಪ್ ಮಾಡುವುದನ್ನು ಈಗಷ್ಟೇ ಕಲಿತಿದ್ದೇನೆ, ಅದೂ ಒಂದೇ ಬೆರಳಿನಲ್ಲಿ. ಅವಸರ ಮಾಡಬೇಡಿ.

ದಾದರಿನಲ್ಲಿ ನಮ್ಮ ಕನ್ನಡ ಮಂದಿಯ ನಾಟಕವಿತ್ತು. ನನ್ನ ನಾದಿನಿಗೆ ರಾಣಿಯ ಪಾತ್ರ, ಬಟ್ಟೆ ಹೊಲಿಯುವವಳು ನಾನು. ಹಿಂದೊಮ್ಮೆ ಕ್ಯಾನ್ಸರಾಗಿ ಅವಳ ಎಡ ಎದೆ ತೆಗೆದಿದ್ದರು. ಅಂದಿನಿಂದ ಎಡಗೈ ಬಾತು, ಯಾವ ರವಿಕೆಯ ತೋಳೂ ಏರುತ್ತಿರಲಿಲ್ಲ. ರೋಗ ಈಗ ಎಲುಬಿಗೆ ಇಳಿದಿತ್ತು. ಇದು ಕಡೆಯ ನಾಟಕವೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ರಾಜ ಸತ್ತೊಡನೆ ರಾಣಿ ಪರದೆಯ ಹಿಂದೆ ಹೋಗಿ, ಖಣದ ಕುಪ್ಪಸ ಬಿಚ್ಚಿ, ಬಿಳಿ ಉಟ್ಟು ಬರಬೇಕು. ಹೊರಗೆ ಶೋಕದ ಹಾಡು ಮುಗಿಯುವುದರೊಳಗೆ. ಆ ಕಾಲದ ಕುಪ್ಪಸಕ್ಕೆ ಹುಕ್ಕಿಲ್ಲ, ಎದೆಯ ಮೇಲೊಂದು ಗಂಟು. ಔಷಧಿಯಿಂದ ಜೋಮು ಹಿಡಿದ ಅವಳ ಬೆರಳಿಗೆ ಗಂಟು ಸಿಗುತ್ತಿರಲಿಲ್ಲ. ನಾನು ಹುಸಿಗಂಟು ಹೊಲಿದು ಅದರಡಿ ಒತ್ತಿದರೆ ಅಂಟುವ, ಎಳೆದರೆ ಬಿಡುವ ವೆಲ್ಕ್ರೋ ಪಟ್ಟಿ ಹಚ್ಚಿದೆ. ಎಡತೋಳನ್ನು ಸೀಳಿ ಅಲ್ಲಿಗೂ ಅದನ್ನೇ.

ತಾಲೀಮಿನಲ್ಲಿ ಹಾಡುವವರು ಉಸಿರೆಳೆದುಕೊಂಡ ಗಳಿಗೆಗೆ ಸರಿಯಾಗಿ ಪರದೆಯ ಹಿಂದಿನಿಂದ ಚರ್ರ್ ಎಂದಿತು. ಸತ್ತು ಮಲಗಿದ್ದ ರಾಜನೂ ನಕ್ಕ.

ವಡಾಲದ ಮನೆಗೆ ಮರಳುವ ಬಸ್ಸಿನಲ್ಲಿ ನಾದಿನಿ ಅಂದಳು, “ವೈನಿ, ಅದನ್ನ ಕಿತ್ತು ಒಗಿ. ಖರೇ ಗಂಟ ಹಾಕು.”

“ಬೆರಳಿಗೆ ಜೀವಿಲ್ಲ, ಹೆಂಗ ಬಿಚ್ಚತಿ?”

“ಹಲ್ಲ ಅದಾವಲ್ಲ. ದಿನಾ ನನ್ನ ಕೈ ನೋಡಿ ಅಯ್ಯೋ ಪಾಪ ಅಂತಾರ. ಅಲ್ಲೆ ಒಂದ ತಾಸು ರಾಣಿ ಆಗತೀನಿ. ನನ್ನ ನೋಡಿ ಮಂದಿ ನಗೂ ಹಂಗ ಮಾಡಬ್ಯಾಡ.”

ಜಾರುಗಂಟು ಹಾಕಿದೆ, ಒಂದು ತುದಿ ಎಳೆದರೆ ಸಾಕು. ಸೀಳಿದ ತೋಳಿಗೆ ಲಾಡಿ ಕಟ್ಟಿದೆ, ಅದಕ್ಕೂ ಅದೇ ಗಂಟು. ಆ ಕಾಲದಲ್ಲಿ ಅಂಥ ತೋಳಿರಲಿಲ್ಲ, ನಿಜ. ಆದರೆ ಸೆರಗಿನಡಿ ಇತಿಹಾಸ ಇಣುಕುವುದಿಲ್ಲ.

ನಾಟಕದ ದಿನ ಹಲ್ಲಿನಲ್ಲಿ ತುದಿ ಕಚ್ಚಿ ಎಳೆದಳು. ಸಪ್ಪಳವೇ ಇಲ್ಲ. ಬಿಳಿ ಸೀರೆಯಲ್ಲಿ ಹೊರಗೆ ಬಂದಾಗ ಯಾರೂ ಕೆಮ್ಮಲೂ ಇಲ್ಲ.

ಈಗ ನಮ್ಮ ಮನೆಯ ಒಳಕೋಣೆಯಲ್ಲಿ ಮಲಗಿದ್ದಾಳೆ. ಮೈಯೆಲ್ಲ ಒಣಗಿದೆ, ಆ ಕೈಯ ಬಾವು ಮಾತ್ರ ಇಳಿದಿಲ್ಲ. ನಿನ್ನೆ ಗಂಜಿ ಕುಡಿಸುತ್ತಿದ್ದೆ. “ಸತ್ತಮ್ಯಾಲ ನನ್ನ ಒಯ್ಯೂ ಮುಂದ ಆ ಖಣದ ಕುಪ್ಪಸಾನ ಹಾಕು,” ಅಂದಳು.

ನನಗೆ ತಡೆಯಲಾಗಲಿಲ್ಲ; ಗದರಿದೆ. “ಸೆಟದ ಕೈಗೆ ತೋಳ ಏರಸೂದು, ಲಾಡಿ ಬಿಗಿಯೂದು, ಮ್ಯಾಲ ಗಂಟ ಬ್ಯಾರೆ. ನನ್ನ ಕಡೆ ಆಗೂದಿಲ್ಲವಾ.”

“ಹಂಗಾರ ವೆಲ್ಕ್ರೋನ ಹಚ್ಚು ವೈನಿ,” ಎಂದಳು. “ಚರ್ ಅಂದರೂ ಅವತ್ತ ಯಾರೂ ನಗಂಗಿಲ್ಲ.”