ಜಿಗಣೆ ಎಸೆದ ಸ್ಪಂಜು

ಹಿಡಿದರೆ ಬಿಡದವನಿಗೆ ಊರು ಇಟ್ಟ ಹೆಸರು ಜಿಗಣೆ. ಎದುರಾಳಿಯ ಕಾಲು ಅವನ ಕೈಗೆ ಸಿಕ್ಕಿತೋ, ಜನ ಫಲಿತಾಂಶಕ್ಕೆ ಕಾಯದೆ ಚಪ್ಪಾಳೆ ಶುರುಮಾಡುತ್ತಿದ್ದರು. ಕುಸ್ತಿಯಲ್ಲಿ ದೇಶದ ಚಾಂಪಿಯನ್ ಆಗಿ ವರ್ಷಗಟ್ಟಲೆ ಮೆರೆದ. ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆದ. ಪೀಕಲಾಟ ಶುರುವಾದದ್ದು ಅಲ್ಲಿಂದ.

ದುಡಿಮೆಗೆ ಅವನೇನೂ ಕಡಿಮೆಯಿಲ್ಲ. ಬಸ್ ಡಿಪೋ ಹಿಂದಿನ ತಗಡಿನ ಶೆಡ್ಡಿನಲ್ಲಿ ಬೆಳಗಾಗುವ ಮೊದಲೇ ಮ್ಯಾಟು ಒರೆಸಿ, ಹರಿದ ಅಂಚಿಗೆ ಟೇಪು ಅಂಟಿಸಿ ಶಿಷ್ಯರಿಗಾಗಿ ಕಾಯುತ್ತಿದ್ದ. ಪಂದ್ಯದ ದಿನ ಮಾತ್ರ ಮೂಲೆಯ ಕುರ್ಚಿಯಲ್ಲಿ ಕೂತು, "ಎಡಕ್ಕೆ! ಕಾಲಿಗೆ ಕೈ ಹಾಕು! ಅಯ್ಯೋ, ಎಡಕ್ಕೆ ಅಂದ್ನಲ್ಲೋ!" ಎಂದು ತಾನೇ ಕುಸ್ತಿಯಾಡಿಬಿಡುತ್ತಿದ್ದ. ಆ ಕೂಗಿಗೆ ಕಿವಿಗೊಟ್ಟವರೆಲ್ಲ ಅಂಗಾತ ಬಿದ್ದರು. ಒಂದು ಚಿನ್ನದ ಪದಕವೂ ಶೆಡ್ಡಿಗೆ ಬರಲಿಲ್ಲ.

"ಗೆಲ್ಲೋದು ಬೇರೆ, ಗೆಲ್ಸೋದು ಬೇರೆ ಕಣಯ್ಯ," ಎಂದು ಸಲೂನಿನವನು ಕ್ಷೌರ ಮಾಡುತ್ತಲೇ ಚುಚ್ಚುತ್ತಿದ್ದ. ಕುತ್ತಿಗೆಯ ಮೇಲೆ ಬ್ಲೇಡು ಆಡುವಾಗ ಜಗಳಕ್ಕಿಳಿಯುವುದು ಹೇಗೆ? ಜಿಗಣೆ ಹಲ್ಲು ಕಚ್ಚಿ ಕೂರುತ್ತಿದ್ದ.

ಅಂಥವನ ಶಿಷ್ಯೆ, ಸ್ವಂತ ತಮ್ಮನ ಮಗಳು, ರಾಷ್ಟ್ರೀಯ ಫೈನಲ್ ತಲುಪಿಬಿಟ್ಟಳು! ಅವಳು ಗೆದ್ದರೆ ಜಿಗಣೆ ಕೋಚ್. ಸೋತರೆ ಬರೀ ಮಾಜಿ ಚಾಂಪಿಯನ್.

"ರೀ, ಇವತ್ತು ಕುಸ್ತಿ ಆಡೋದು ಅವಳು. ನೀವು ಸುಮ್ನೆ ಕೂತ್ಕೊಳ್ಳಿ," ಎಂದಳು ಹೆಂಡತಿ.

"ಕೂತ್ಕೋತೀನಿ ಕಣೇ."

"ಕುರ್ಚಿ ಮೇಲೆ. ಅವಳ ತಲೆ ಮೇಲಲ್ಲ."

ಫೈನಲ್ ಮುಗಿಯಲು ಅರೆ ನಿಮಿಷವೂ ಉಳಿದಿರಲಿಲ್ಲ. ಹುಡುಗಿ ಒಂದು ಅಂಕ ಹಿಂದೆ. ಅಷ್ಟರಲ್ಲಿ ಎದುರಾಳಿಯ ಸೊಂಟ ಹಿಡಿದು ಒಮ್ಮೆ ಉರುಳಿಸಿದಳು. ಎದುರಾಳಿಯ ಬೆನ್ನು ಮ್ಯಾಟಿನ ಕಡೆಗೆ ಹೊರಳಿದ್ದನ್ನು ಜಿಗಣೆ ಕಣ್ಣಾರೆ ಕಂಡ. ಎರಡು ಅಂಕ! ಆದರೆ ರೆಫರಿ ಬೆರಳೆತ್ತಲಿಲ್ಲ.

ಇಂಥ ಹೊತ್ತಿಗೆಂದೇ ಕೋಚ್ ಕೈಯಲ್ಲಿ ಒಂದು ಸ್ಪಂಜಿನ ಇಟ್ಟಿಗೆ ಇರುತ್ತದೆ. ಅದನ್ನು ಮ್ಯಾಟಿಗೆ ಎಸೆದರೆ ಪಂದ್ಯ ನಿಲ್ಲಿಸಿ ವಿಡಿಯೊ ನೋಡುತ್ತಾರೆ. ಕೋಚ್ ಹೇಳಿದ್ದು ತಪ್ಪಾದರೆ ಎದುರಾಳಿಗೆ ಒಂದು ಅಂಕ ದಾನ. ಜಿಗಣೆ ಹಿಂದುಮುಂದು ನೋಡದೆ ಎಸೆದೇಬಿಟ್ಟ.

ರೆಫರಿ ಹುಡುಗಿಯ ಮುಖ ನೋಡಿದ. ವಿಡಿಯೊ ಬೇಡವೆನ್ನುವ ಹಕ್ಕು ಆಡುವವರಿಗಿದೆ. ಅವಳು ತಲೆಯಲ್ಲಾಡಿಸಿ, ಸ್ಪಂಜನ್ನು ಕಾಲಿನಿಂದ ದೊಡ್ಡಪ್ಪನ ಕಡೆಗೇ ಒದ್ದಳು.

ಕ್ರೀಡಾಂಗಣವೇ ಗೊಳ್ಳೆಂದಿತು. "ನಿನಗೇನು ತಲೆ ಕೆಟ್ಟಿದೆಯೇನೇ?" ಎಂದು ಕೂಗಲು ಜಿಗಣೆ ಬಾಯ್ತೆರೆಯುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಹುಡುಗಿ ಬಗ್ಗಿದಳು. ಅವನಾಗಿದ್ದರೆ ಎಡಕ್ಕೆ ನುಗ್ಗುತ್ತಿದ್ದ. ಅವಳು ಬಲಕ್ಕೆ ನುಗ್ಗಿದಳು! ಎದುರಾಳಿಯ ಎರಡೂ ಕಾಲು ಅವಳ ತೋಳಿನೊಳಗೆ! ದೊಪ್ಪೆಂದು ಇಬ್ಬರೂ ಬಿದ್ದರು, ಮೇಲಿದ್ದವಳು ಹುಡುಗಿ. ರೆಫರಿಯ ಎರಡು ಬೆರಳು ಮೇಲೆದ್ದವು, ಗಂಟೆ ಬಡಿಯಿತು. ಕುಂಟು ಮೊಣಕಾಲಿನಲ್ಲಿ ಜಿಗಣೆ ಹಾರಿದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು.

ಬೆವರು ಸುರಿಸುತ್ತ ಓಡಿ ಬಂದವಳು, "ಬೈಬೇಡಿ ದೊಡ್ಡಪ್ಪ," ಎಂದಳು. "ಅವಳ ಬೆನ್ನು ಹೊರಳಿರ್ಲಿಲ್ಲ. ನಿಮ್ಮ ಕಡೆಯಿಂದ ಹಾಗೆ ಕಂಡಿರುತ್ತೆ ಅಷ್ಟೇ. ಅದೂ ಅಲ್ದೆ, ಅವಳ ದಮ್ಮು ಹೋಗಿತ್ತು. ವಿಡಿಯೊ ನೋಡೋಷ್ಟರಲ್ಲಿ ಸುಧಾರಿಸ್ಕೊಂಡ್ಬಿಡೋಳು."

"ದಮ್ಮು ಹೋಗಿದ್ದು ನಿಂಗೆ ಹೇಗೆ ಗೊತ್ತಾಯ್ತೇ?"

"ನನ್ನ ತೋಳೊಳಗೇ ಇದ್ಲಲ್ಲ! ಪಕ್ಕೆ ತಿದಿ ಒತ್ತಿದ ಹಾಗೆ ಆಡ್ತಿತ್ತು."

ಜಿಗಣೆ ಅವಳನ್ನು ಬಾಚಿ ತಬ್ಬಿದ, ಎತ್ತಲು ಹೋಗಿ ಮೊಣಕಾಲು ಹಿಡಿದುಕೊಂಡು ಮ್ಯಾಟಿನ ಅಂಚಿನಲ್ಲೇ ಕುಸಿದು ಕೂತ. ನಗು ತಡೆಯಲಾಗುತ್ತಿರಲಿಲ್ಲ. ಪದಕಕ್ಕೆ ಕರೆಯುತ್ತಿದ್ದಾರೆಂದು ಹೆಂಡತಿ ಮೇಲಿನ ಗ್ಯಾಲರಿಯಿಂದ ಕೂಗುತ್ತಿದ್ದಳು.

"ಕರೀಲಿ ಬಿಡು," ಎಂದು ಅವನು ಹುಡುಗಿಯ ಕೈ ಜಗ್ಗಿ ಪಕ್ಕಕ್ಕೆ ಕೂರಿಸಿಕೊಂಡ. "ಬಲಕ್ಕೆ ಯಾಕೆ ನುಗ್ಗಿದೆ? ಅದನ್ನ ಮೊದಲು ಹೇಳು."