ಭೇಟಿಯ ಕಾರಣ: ಹರಕೆ

ಗೇಟಿನ ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕಬೇಕು, ಒಮ್ಮೆ ನೋಡಿ ಸಹಿ ಮಾಡಿ ಎಂದು ಸೆಕ್ಯುರಿಟಿಯವನು ಒಂದು ಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದ. ಧೂಳಿಗೆ ಸೀನು ಬಂತು, ಸಿಟ್ಟೂ ಬಂತು. ವಿದೇಶದ ವಿಶ್ವವಿದ್ಯಾಲಯವೊಂದರ ಜನ ಹನ್ನೊಂದು ಗಂಟೆಗೆ ಕ್ಯಾಂಪಸ್ ನೋಡಲು ಬರುವವರಿದ್ದರು, ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕು ಅವರನ್ನು ಬಿಟ್ಟುಕೊಟ್ಟರೆ. ಸುಮ್ಮನೆ ಒಂದು ಪುಟ ತಿರುವಿದೆ. ನೀಲಿ ಶಾಯಿಯ ದಪ್ಪ ಅಕ್ಷರ. 'ಯಾರನ್ನು ಕಾಣಬೇಕು' ಎಂಬಲ್ಲಿ ನನ್ನ ಹೆಸರು. 'ಕಾರಣ' ಎಂಬಲ್ಲಿ: ಹರಕೆ. ಅಯ್ಯೋ, ಈ ಅಜ್ಜ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲವಲ್ಲ...

ಸೋಲದೇವನಹಳ್ಳಿ ಕಡೆಯ ಈ ಕ್ಯಾಂಪಸ್ಸಿನ ಅರ್ಧ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲ. ಮಾರುವಾಗ ಒಂದೇ ಮಾತು ಕೇಳಿದ್ದರಂತೆ: ಬೇವಿನ ಮರದ ಬುಡದಲ್ಲಿರುವ ಮುನೇಶ್ವರನ ಕಲ್ಲನ್ನು ಕೀಳಬಾರದು, ತಾವು ದಿನಾ ಬಂದು ದೀಪ ಹಚ್ಚಲು ಬಿಡಬೇಕು. ಕಟ್ಟಡಗಳೆದ್ದವು, ಕಲ್ಲು ಉಳಿಯಿತು. ಅದೂ ಎಲ್ಲಿ? ಆಡಳಿತ ಕಚೇರಿಯ ಬಾಗಿಲೆದುರಿಗೇ. ಎಲ್ಲರೂ ಅವರನ್ನು ತಾತ ಎನ್ನುತ್ತಿದ್ದರು. ಗದಗಿನ ಕಡೆಯಿಂದ ಬಂದ ನನಗೆ ಅವರು ಅಜ್ಜ.

ಹೊರದೇಶದಿಂದ ಓದಲು ಬರುವವರಿಗೆ, ಅವರನ್ನು ಕಳಿಸುವವರಿಗೆ ಕ್ಯಾಂಪಸ್ ತೋರಿಸುವುದು ನನ್ನ ಕೆಲಸ. ಉರು ಹೊಡೆದಿಟ್ಟ ಇಂಗ್ಲಿಷಿನಲ್ಲಿ ನಾನು ಬಾಯಿ ತೆರೆಯುವ ಹೊತ್ತಿಗೆ ಅಜ್ಜ ಹಾಜರ್. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕುಂಕುಮದ ಬಟ್ಟಲು.

"ಮೊದ್ಲು ನಮ್ಮಪ್ಪಂಗೆ ಕೈ ಮುಗೀಲಿ ಕಣವ್ವ, ಆಮ್ಯಾಕೆ ಏನಾರ ತೋರ್ಸ್ಕೋ."

ನೈಜೀರಿಯಾದ ಹುಡುಗಿಯಾಗಲಿ, ನೇಪಾಳದ ಹುಡುಗನಾಗಲಿ, ಹಣೆಗೆ ಕುಂಕುಮ ಬೀಳದೆ ಮುಂದೆ ಹೋದದ್ದಿಲ್ಲ. ಹೊಸ ಲ್ಯಾಬಿನ ಮುಂದೆ ಒಂದು ನಿಮಿಷ ನಿಲ್ಲದ ಜನ ಆ ಕಲ್ಲಿನ ಮುಂದೆ ನಿಂತು ಫೋಟೊ ಹೊಡೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಜ್ಜಾರ, ನನ್ನ ಹೊಟ್ಟೀ ಮ್ಯಾಲೆ ಹೊಡಿಬ್ಯಾಡ್ರಿ," ಎಂದೆ ಒಂದು ದಿನ. ಮುಂದಿನ ವಾರ ದೊಡ್ಡ ತಂಡವೊಂದು ಬರುತ್ತಿದೆ, ಅವರು ಒಪ್ಪಿ ತಮ್ಮ ವಿದ್ಯಾರ್ಥಿಗಳನ್ನು ಇಲ್ಲಿಗೆ ಕಳಿಸಿದರೆ ನನ್ನ ಕೆಲಸ ಕಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು ಎಂದು ಬಿಡಿಸಿ ಹೇಳಿದೆ. ಆ ದಿನ ಈ ಕಡೆ ತಲೆ ಹಾಕಬೇಡಿ ಎಂಬುದು ಅದರ ತಾತ್ಪರ್ಯ. ಅಜ್ಜ ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ಅರ್ಥವಾದದ್ದೇ ಬೇರೆ.

ತಂಡ ಬಂದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಕೆಂಪು ಹುಂಜ ಹಿಡಿದು ಬಂದರು. ಸಣ್ಣಪುಟ್ಟ ಬೇಡಿಕೆಗೆ ಹಣ್ಣುಕಾಯಿ ಸಾಕು, ದೊಡ್ಡದಕ್ಕೆ ಮುನೇಶ್ವರನಿಗೆ ಕೋಳಿಯೇ ಆಗಬೇಕು. ನಾನು ಹಾಸ್ಟೆಲಿನ ಶುಚಿತ್ವವನ್ನು ಹೊಗಳುತ್ತಿದ್ದೆ. ಹುಂಜ ಕೊಸರಿಕೊಂಡು ಕೆಳಗೆ ಹಾರಿ, ಅತಿಥಿಗಳ ಕಾಲಸಂದಿಯಲ್ಲಿ ನುಗ್ಗಿ ಆಡಳಿತ ಕಚೇರಿಯತ್ತ ಓಡಿತು. ತಂತಾನೆ ತೆರೆಯುವ ಗಾಜಿನ ಬಾಗಿಲು ಅದಕ್ಕೂ ಮರ್ಯಾದೆಯಿಂದ ತೆರೆದುಕೊಂಡಿತು. "ಇಡ್ಕಳ್ರೋ!" ಎನ್ನುತ್ತ ಅಜ್ಜ ಹಿಂದೆಯೇ ಓಡಿದರು.

"ಯಾರು ಹೇಳಿದ್ರು ನಿಮಗ ಇದನ್ನ ತರಾಕ?" ಎಲ್ಲರೆದುರು ಕಿರುಚಿದೆ.

"ನಿನ್ ಕೆಲ್ಸ ಆಗ್ಲಿ ಅಂತ್ಲೇ ತಂದಿವ್ನಿ ಕಣವ್ವ."

"ಕೆಲ್ಸ ಕಳ್ಯಾಕ ತಂದೀರಿ. ನಡೀರಿ ಹೊರಗ!"

ಹುಂಜವನ್ನು ಎದೆಗವಚಿಕೊಂಡು ಹೋದರು. ಸಂಜೆಯೇ ನಾನು ಮೇಲಿನವರಿಗೆ ದೂರು ಬರೆದೆ. ಹೊಲ ಮಾರುವಾಗ ಆಡಿದ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಮರುದಿನದಿಂದ ಅಜ್ಜ ಗೇಟಿನಲ್ಲಿ ಹೆಸರು ಬರೆಯಬೇಕು, ಸಿಬ್ಬಂದಿಯಲ್ಲಿ ಒಬ್ಬರು ಬಂದು ಕರೆದುಕೊಂಡು ಹೋದರೆ ಮಾತ್ರ ಒಳಗೆ. ಈ ರಿಜಿಸ್ಟರಿನಲ್ಲಿ ಮೊದಲ ದಿನ 'ಯಾರನ್ನು ಕಾಣಬೇಕು' ಎಂಬಲ್ಲಿ ಅವರು ಮುನೇಶ್ವರ ಎಂದೇ ಬರೆದಿದ್ದಾರೆ. ಅದು ನಡೆಯುವುದಿಲ್ಲ ಎಂದು ಸೆಕ್ಯುರಿಟಿಯವನು ಹೇಳಿರಬೇಕು. ಎರಡನೇ ದಿನದಿಂದ ನನ್ನ ಹೆಸರು.

ಆ ತಂಡ ಒಪ್ಪಿಕೊಂಡಿತು, ನನ್ನ ಕೆಲಸವೂ ಕಾಯಂ ಆಯಿತು. ಅಲ್ಲಿಗಾದರೂ ಮುಗಿಯಬೇಕಲ್ಲ! ಬೆಳಿಗ್ಗೆಯಾದರೆ ಗೇಟಿನಿಂದ ಫೋನು.

"ಮೇಡಂ, ತಾತ ಬಂದವ್ರೆ. ಕೇಳಿದ್ದು ಆದ್ಮೇಲೆ ಕೋಳಿ ಕೊಡ್ಲಿಲ್ಲ ಅಂದ್ರೆ ನಿಮ್ಗೇ ಕೇಡಂತೆ. ಒಂದ್ಸಲ ಬಂದು ಕರ್ಕೊಂಡೋಗ್ಬೇಕಂತೆ."

"ಮೇಡಂ ಮೀಟಿಂಗಿನಾಗ ಅದಾರ ಅಂತ ಹೇಳು."

ನನ್ನ ತಲೆ ಕಾಯಲು ಆ ಮುದುಕ ದಿನಾ ಬಿಸಿಲಲ್ಲಿ ನಿಂತಿದ್ದರು. ನಾನು ಎಸಿಯಲ್ಲಿ ಕೂತು ಅವರ ಮೇಲೆ ಹಲ್ಲು ಕಡಿಯುತ್ತಿದ್ದೆ.

ಪುಟ ತಿರುವುತ್ತ ಹೋದೆ. ಸಾಲು ಸಾಲಾಗಿ ನನ್ನ ಹೆಸರು, ಹರಕೆ, ಪಕ್ಕದಲ್ಲಿ ಸೆಕ್ಯುರಿಟಿಯವನ ಅಕ್ಷರದಲ್ಲಿ 'ಮೇಡಂ ಮೀಟಿಂಗ್'. ಮಳೆಗಾಲದ ಹೊತ್ತಿಗೆ ಅಜ್ಜನ ಅಕ್ಷರ ನಡುಗಿದೆ. ಆಮೇಲೆ ಇಲ್ಲ... ಅವರು ಹೋದದ್ದು ನನಗೆ ಗೊತ್ತಾಗಿದ್ದು ತಿಥಿಯೂ ಮುಗಿದ ಮೇಲೆ. ಒಂದು ಸಲ ಎದ್ದು ಗೇಟಿಗೆ ಹೋಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆ ಹುಂಜದ ಮೇಲೆ ಈಗಲೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಫೋನು ಹೊಡೆದುಕೊಂಡಿತು. "ಮೇಡಂ, ಗೆಸ್ಟ್ ಬಂದವ್ರೆ. ಕಳಿಸ್ಲಾ?"

"ಬ್ಯಾಡ, ನಾನೇ ಬರ್ತೀನಿ." ಆ ಒಂದು ರಿಜಿಸ್ಟರನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಅತಿಥಿಗಳನ್ನು ಕರೆದುಕೊಂಡು ಬಂದೆ. ಬೇವಿನ ಮರದ ಸುತ್ತ ಈಗ ಸ್ಕೂಟರುಗಳು, ಕಲ್ಲಿನ ಮೇಲೆ ಯಾರದೋ ಹೆಲ್ಮೆಟ್ಟು. ಅದನ್ನೆತ್ತಿ ಪಕ್ಕಕ್ಕಿಟ್ಟೆ. ಉರು ಹೊಡೆದ ಮಾತು ಶುರು ಮಾಡಿ ಅಭ್ಯಾಸಬಲದಿಂದ ನಡುವೆ ನಿಲ್ಲಿಸಿದೆ, ಯಾರೋ ಅಡ್ಡ ಬಾಯಿ ಹಾಕುತ್ತಾರೆಂದು. ಯಾರೂ ಹಾಕಲಿಲ್ಲ. ಅತಿಥಿಗಳು ಕಾಯುತ್ತಿದ್ದರು. ಲೈಬ್ರರಿ ಈ ಕಡೆ ಎಂದು ಮುಂದೆ ನಡೆದೆ.