ಆಳಿನ ಹೆಸರಿನಲ್ಲಿ ಯಜಮಾನರ ಕೆಮ್ಮು

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮೂಗೂರಿನ ಆಚೆಯ ಒಂದು ಹಳ್ಳಿಗೆ ನಾನು ನರ್ಸಮ್ಮ. ಮನೆ ನಂಜನಗೂಡಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಬಂದು ಮಕ್ಕಳಿಗೆ ಸೂಜಿ ಚುಚ್ಚಿ, ಬಸುರಿಯರನ್ನು ನೋಡಿ, ಸಂಜೆ ಬಸ್ಸಿಗೆ ವಾಪಸ್. ಆಗಷ್ಟೇ ಇನ್ನೊಂದು ಕೆಲಸ ತಲೆಗೆ ಬಿದ್ದಿತ್ತು. ಮೂರು ವಾರ ಬಿಡದೆ ಕೆಮ್ಮುವವರನ್ನು ಹುಡುಕಬೇಕು, ಚೀಟಿ ಬರೆದು ಪಟ್ಟಣದ ಕ್ಷಯದ ಕ್ಲಿನಿಕ್ಕಿಗೆ ಕಳಿಸಬೇಕು.

ಮೊದಲ ಎರಡು ತಿಂಗಳು ನನ್ನ ಊರಿಂದ ಒಂದು ಚೀಟಿಯೂ ಹೋಗಲಿಲ್ಲ. ಮೀಟಿಂಗಿನಲ್ಲಿ ಡಾಕ್ಟರು ಎಲ್ಲರೆದುರಿಗೇ ಕೇಳಿದರು. "ಏನಮ್ಮಾ, ನಿಮ್ಮೂರಲ್ಲಿ ಕೆಮ್ಮೋರೇ ಇಲ್ವಾ? ಎಲ್ಲಾ ಸಂಗೀತಗಾರರಾ?"

ಕೆಮ್ಮು ಧಾರಾಳವಾಗಿತ್ತು ಸ್ವಾಮಿ, ಕ್ಷಯ ಮಾತ್ರ ಯಾರಿಗೂ ಇರಲಿಲ್ಲ. ಒಬ್ಬರಿಗೆ ಉಷ್ಣ, ಒಬ್ಬರಿಗೆ ಶೀತ, ಒಬ್ಬರಿಗೆ ಸೌತೆಕಾಯಿ ತಿಂದದ್ದು. ಹಾಲಿನ ಸೊಸೈಟಿಯ ಅಧ್ಯಕ್ಷರಾದ ಯಜಮಾನರಿಗೆ ಆಲೆಮನೆಯ ಹೊಗೆ. ಅವರ ಆಲೆಮನೆಯಲ್ಲಿ ಕೊನೆಯ ಸಲ ಬೆಂಕಿ ಹಚ್ಚಿ ಎರಡು ವರ್ಷವಾಗಿತ್ತು. ಹೊಗೆ ಮಾತ್ರ ಅವರ ಎದೆಯಲ್ಲಿ ಇನ್ನೂ ಆಡುತ್ತಿತ್ತು. ಮಠದ ಪೂಜೆಯಲ್ಲಿ ಮೊದಲ ಸಾಲಿನಲ್ಲಿ ಕೂರುವವರು. ಅವರು ಕೆಮ್ಮತೊಡಗಿದರೆ ಮಂಗಳಾರತಿಯೇ ಕಾಯುತ್ತಿತ್ತು. ಅಂಥವರಿಗೆ "ಕಫ ಕೊಡಿ" ಎನ್ನಲು ನನಗೆ ಬಾಯಿ ಬರಲಿಲ್ಲ.

ಒಂದು ದಿನ ಅವರೇ ನನ್ನನ್ನು ಹಿತ್ತಲ ಬಾಗಿಲಿಗೆ ಕರೆಸಿದರು.

"ನರ್ಸಮ್ಮ, ನಮ್ಮ ಆಳಿಗೆ ಒಂದು ಚೀಟಿ ಬರ್ಕೊಡಿ. ಬಾಳ ಕೆಮ್ತಾವ್ನೆ."

ಅವರ ಕೊಟ್ಟಿಗೆ ನೋಡಿಕೊಳ್ಳುವ ಆಳು ಪಕ್ಕದಲ್ಲೇ ನಿಂತಿದ್ದ. ನಲವತ್ತು ದಾಟಿದ ಗಟ್ಟಿ ಮನುಷ್ಯ. ಅವನು ಕೆಮ್ಮಿದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. "ಎಷ್ಟು ದಿನದಿಂದಪ್ಪಾ?" ಎಂದೆ. ಅವನು ಯಜಮಾನರ ಮುಖ ನೋಡಿದ. "ಮೂರು ತಿಂಗ್ಳಿಂದ" ಎಂದು ಯಜಮಾನರೇ ಹೇಳಿ, ಹೇಳಿದ್ದಕ್ಕೆ ಐದು ನಿಮಿಷ ಕೆಮ್ಮಿದರು. ನಾನು ಅವನ ಹೆಸರಿಗೆ ಚೀಟಿ ಬರೆದುಕೊಟ್ಟೆ. ಅನುಮಾನ ಬರಲಿಲ್ಲ ಎಂದರೆ ಸುಳ್ಳಾದೀತು. ಮುಂದಿನ ಮೀಟಿಂಗಿಗೆ ಒಂದು ಚೀಟಿಯಾಯಿತಲ್ಲ ಎಂಬ ಖುಷಿ ಅನುಮಾನಕ್ಕಿಂತ ದೊಡ್ಡದಾಗಿತ್ತು.

ಆಳು ಡಬ್ಬಿಯಲ್ಲಿ ಕಫ ಹಿಡಿದು ಬಸ್ಸು ಹತ್ತಿ ಎರಡು ಸಲ ಕ್ಲಿನಿಕ್ಕಿಗೆ ಹೋಗಿಬಂದ. ರೋಗ ಇದೆ ಎಂದು ಫಲಿತಾಂಶ ಬಂತು. ಆರು ತಿಂಗಳ ಮಾತ್ರೆಗಳ ಪೆಟ್ಟಿಗೆ, ಮೇಲೆ ಅವನ ಹೆಸರು ಬರೆದದ್ದು, ನನ್ನ ಕೈಗೆ ಬಂತು. "ಎದೆ ಇಷ್ಟು ಕ್ಲೀನಾಗಿರೋ ಕ್ಷಯದ ರೋಗೀನ ನಾನು ಇದೇ ಮೊದ್ಲು ನೋಡಿದ್ದು" ಎಂದರು ಅಲ್ಲಿಯ ಡಾಕ್ಟರು. ನಾನು ನಕ್ಕು ತಲೆಯಾಡಿಸಿದೆ.

ವಾರಕ್ಕೆ ಮೂರು ದಿನ ರೋಗಿ ನನ್ನ ಕಣ್ಣೆದುರಿಗೇ ಮಾತ್ರೆ ನುಂಗಬೇಕು. ಮೊದಲ ದಿನ ಅಂಗನವಾಡಿಗೆ ಬಂದ ಆಳು ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನೆ ನಿಂತ.

"ನುಂಗಪ್ಪಾ."

"ನಂಗಲ್ಲ ಕಣವ್ವ. ಯಜಮಾನ್ರಿಗೆ. ಡಬ್ಬಿನಾಗಿದ್ದಿದ್ದು ಅವರ್ದೇ. ಯಾರ್ಗೂ ಏಳ್ಬೇಡ ಅಂದವ್ರೆ, ನಮ್ಮೋಳ್ಗೂ ಏಳಿಲ್ಲ."

ಮಾತ್ರೆ ಕಿತ್ತುಕೊಂಡು ನೇರ ಯಜಮಾನರ ಮನೆಗೆ ಹೋದೆ. ಅವರು ನಾಚಲಿಲ್ಲ, ನನಗೇ ಬುದ್ಧಿ ಹೇಳಿದರು. "ನನ್ನೆಸ್ರು ಆ ರಿಜಿಸ್ಟರ್‌ನಾಗೆ ಬಂದ್ರೆ ಮಗಳನ್ನ ಯಾರು ತಗೊಂಡೋಯ್ತಾರೆ? ಡೈರಿಗೆ ಆಲು ಯಾರು ಆಕ್ತಾರೆ? ಅವ್ನ್ಗೇನು, ಎಸ್ರು ತಾನೇ? ಸವ್ದೋಯ್ತದಾ?"

ಆಗಲೇ ಕ್ಲಿನಿಕ್ಕಿಗೆ ಹೋಗಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಯಜಮಾನರಿಗೆ ತಾಲೂಕಿನಲ್ಲಿ ಎಲ್ಲರ ಪರಿಚಯವಿತ್ತು, ಮನಸ್ಸು ಮಾಡಿದರೆ ನನ್ನನ್ನು ದೂರಕ್ಕೆ ವರ್ಗ ಮಾಡಿಸಬಲ್ಲವರು. ನನಗೆ ನಂಜನಗೂಡಿನ ಬಸ್ಸು ಬೇಕಿತ್ತು. ರೋಗಿ ಮಾತ್ರೆ ನುಂಗಿದರೆ ಸಾಕಲ್ಲವೇ ಎಂದು ಧರ್ಮಶಾಸ್ತ್ರ ಹೇಳಿಕೊಂಡೆ. ಅಂದಿನಿಂದ ಬಿ.ಪಿ. ನೋಡುವ ನೆಪದಲ್ಲಿ ವಾರಕ್ಕೆ ಮೂರು ಸಲ ಅವರ ಮನೆಗೆ ಹೋಗಿ ಮಾತ್ರೆ ನುಂಗಿಸುತ್ತಿದ್ದೆ. ಆ ತಾಲೂಕಿನಲ್ಲಿ ಅಷ್ಟು ಸಲ ಬಿ.ಪಿ. ನೋಡಿಸಿಕೊಂಡವರು ಬೇರೆ ಇರಲಾರರು.

ಪೆಟ್ಟಿಗೆಯ ಮೇಲಿನ ಹೆಸರು ಊರಿಗೆ ಗೊತ್ತಾಗಲು ಎರಡು ದಿನ ಹಿಡಿಯಿತು. ಟೀ ಅಂಗಡಿಯಲ್ಲಿ ಆಳಿಗೆ ಮೊದಲೇ ಬೇರೆ ಲೋಟ. ಈಗ ಅಂಗಡಿಯವನು ಅದನ್ನೂ ಎತ್ತಿಟ್ಟು, ಲೋಟ ಮನೆಯಿಂದಲೇ ತಾ ಎಂದ. ಅವನ ಹೆಂಡತಿಯನ್ನು ನಾಟಿಗೆ ಕರೆಯುವುದನ್ನು ಬಿಟ್ಟರು. ಇನ್ನೂ ಚೆಂದವೆಂದರೆ, ಡೈರಿಯ ಮುಂದೆ ಯಜಮಾನರೇ ಟವೆಲಿನಿಂದ ಬಾಯಿ ಮುಚ್ಚಿಕೊಂಡು "ಲೇ, ದೂರ ನಿಂತ್ಕೊಳ್ಲಾ, ಕ್ಯಾನ್ ಮುಟ್ಬೇಡ" ಎಂದು ಅವನನ್ನು ಗದರಿದರು. ನಾನು ಅಲ್ಲೇ ಇದ್ದೆ. ಆಳು ಎರಡು ಹೆಜ್ಜೆ ಹಿಂದೆ ಸರಿದ. ನಾನು ಕೈಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದೆ.

ಒಂದು ತಿಂಗಳಾಗಿರಬೇಕು. ಬೆಳಿಗ್ಗೆ ಬಸ್ಸಿಳಿದು ಬರುತ್ತಿದ್ದೆ, ಡೈರಿಯ ಮುಂದೆ ಹಾಲು ಹಾಕಲು ಜನ ನಿಂತಿದ್ದರು. ಆಳಿನ ಹೆಂಡತಿ ನನ್ನನ್ನು ಅಲ್ಲೇ ತಡೆದಳು.

"ನರ್ಸಮ್ಮ, ಅವತ್ತು ಅಂಗನವಾಡೀಲಿ ಎಂಗಸ್ರಿಗೆಲ್ಲಾ ಕ್ಷಯದ್ ವಿಚಾರ ಏಳುದ್ರಲ್ಲ, ಆ ಮಾತ್ರೆ ನುಂಗುದ್ರೆ ಉಚ್ಚೆ ಕೆಂಪಾಯ್ತದೆ ಅಂತ. ದಿಟವಾ?"

"ದಿಟ. ಎಲ್ಲರಿಗೂ ಆಗುತ್ತೆ, ಹೆದರಬಾರದು" ಎಂದೆ. ಪಾಠ ಬಾಯಿಗೆ ಬಂದುಬಿಟ್ಟಿತ್ತು.

"ನನ್ನ ಗಂಡಂದು ಕೆಂಪಗಿಲ್ಲ. ಯಜಮಾನ್ರ ಮನೇಲಿ ಒಸ್ದಾಗಿ ಬಿಳೀ ಟೈಲ್ಸ್ ಆಕವ್ರಲ್ಲ ಬಚ್ಚಲ್ಗೆ, ದಿನಾ ಅದ್ನ ಉಜ್ಜೋಳು ನಾನೇಯಾ. ಅಲ್ಲಿ ಕೆಂಪಗದೆ. ಈಗೇಳಿ, ಕ್ಷಯ ಯಾರ್ಗೆ?"

ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಯಜಮಾನರು ಕೆಮ್ಮು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನಿನ್ನ ಗಂಡನಿಗಿಲ್ಲ" ಎಂದೆ.

ಮರುದಿನವೇ ಯಜಮಾನರನ್ನೂ ಆಳನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಇಬ್ಬರ ಕಫವನ್ನೂ ಅಲ್ಲೇ, ಡಾಕ್ಟರ ಎದುರಿಗೇ ತೆಗೆಸಿದರು. ಆಳಿಗೆ ಏನೂ ಇರಲಿಲ್ಲ. ಹೆಸರು ತಿದ್ದಿದರು, ನನಗೆ ಮೆಮೊ ಕೊಟ್ಟರು. ಯಜಮಾನರಿಗೆ ಯಾರೂ ಏನೂ ಕೊಡಲಿಲ್ಲ, ಕಾಫಿ ಒಂದನ್ನು ಬಿಟ್ಟು.

ಅವರು ಪೂರ್ತಿ ಗುಣವಾದರು. ಮಗಳ ಮದುವೆಯೂ ಆಯಿತು. ಮುಂದಿನ ವರ್ಷ ಕ್ಷಯದ ಅರಿವಿನ ಕಾರ್ಯಕ್ರಮ ನಡೆದಾಗ ಅವರೇ ಮುಖ್ಯ ಅತಿಥಿ. "ನಮ್ಮ ಬಡ ಜನಕ್ಕೆ ತಿಳಿವಳಿಕೆ ಇಲ್ಲ, ಕಾಯಿಲೇನ ಮುಚ್ಚಿಡ್ತಾರೆ" ಎಂದು ಅರ್ಧ ಗಂಟೆ ಒಂದು ಸಲವೂ ಕೆಮ್ಮದೆ ಭಾಷಣ ಮಾಡಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಆಳಿನ ಸಂಸಾರ ಅಷ್ಟರಲ್ಲಿ ಊರು ಬಿಟ್ಟು ತಾಂಡವಪುರದ ಕಡೆ ಕೆಲಸಕ್ಕೆ ಹೋಗಿತ್ತು. ರಿಜಿಸ್ಟರಿನಲ್ಲಿ ಹೆಸರು ತಿದ್ದಿದರೂ ಊರಿನ ಬಾಯಲ್ಲಿ ತಿದ್ದಿರಲಿಲ್ಲ. ಕೆಲವು ವರ್ಷಗಳ ನಂತರ ಒಂದು ಸಂಜೆ ಕಿಕ್ಕಿರಿದ ಬಸ್ಸಿನಲ್ಲಿ ಆಳಿನ ಹೆಂಡತಿ ಸಿಕ್ಕಿದಳು. ತಪ್ಪಾಯಿತು ಎಂದು ಹೇಳಬೇಕೆಂದು ನಿಂತಲ್ಲೇ ಮಾತು ಜೋಡಿಸತೊಡಗಿದೆ. ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು.

"ಕೂತ್ಕಳವ್ವ. ನಂಜನಗೂಡು ಗಂಟ ನಿಂತ್ಕಂಡೇ ಓಯ್ತೀಯಾ?"

ಕೂತೆ. ಅವಳು ಕಿಟಕಿಯ ಕಡೆ ತಿರುಗಿದಳು. ನಂಜನಗೂಡು ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.